ಅಲಾಸ್ಕದ ಹಿಮತೀರದಲ್ಲಿ ಏಳು ದಿನ

ನಮ್ಮ ಕಡೆಯಲ್ಲಿ ಅರವತ್ತು ದಾಟಿದವರು ಪೆಟ್ಟಿಗೆ ಕಟ್ಟಿದರೆಂದರೆ "ಕಾಶಿಗೋ, ಬದರಿಗೋ?" ಎಂದು ಕೇಳುವುದು ವಾಡಿಕೆ. ೨೦೨೫ನೆಯ ಇಸವಿಯ ಜೂನ್ ತಿಂಗಳಲ್ಲಿ ನಾವು ಐದು ಮಂದಿ ತೀರ್ಥಹಳ್ಳಿಯಿಂದ ಹೊರಟಾಗಲೂ ನೆರೆಹೊರೆಯವರು ಹಾಗೆಯೇ ಕೇಳಿದರು. "ಅಲಾಸ್ಕಕ್ಕೆ" ಎಂಬ ನಮ್ಮ ಉತ್ತರವನ್ನು ಕೇಳಿ ಅವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಆ ಸೀಮೆಯಲ್ಲಿ ನಮಗೆ ದೇವಸ್ಥಾನವಿಲ್ಲ, ನಂಟರಿಷ್ಟರಿಲ್ಲ, ಬಿಸಿಲೂ ಅಪರೂಪ. ಅಂಥಲ್ಲಿಗೆ ಈ ವಯಸ್ಸಿನಲ್ಲಿ ಯಾತಕ್ಕೆ ಹೋದೆವೆಂಬುದನ್ನು ಮೊದಲು ವಾಚಕರಲ್ಲಿ ನಿವೇದಿಸಿ, ಅನಂತರ ಅಲ್ಲಿ ಕಂಡುದನ್ನು ಹೇಳುತ್ತೇನೆ.

ನಾನು ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ಕನ್ನಡ ಸಂಸ್ಕೃತಗಳನ್ನು ಪಾಠ ಹೇಳಿದವನು. ಅದೇ ಶಾಲೆಯಲ್ಲಿ ನನ್ನೊಡನೆ ಗಣಿತದ ಮೇಷ್ಟರೊಬ್ಬರೂ ಭೂಗೋಳದ ಮೇಷ್ಟರೊಬ್ಬರೂ ಇದ್ದರು. ಭೂಗೋಳದವರು ನಮ್ಮಿಬ್ಬರಿಗಿಂತ ಹಿರಿಯರು. ಆದಕಾರಣ ಅವರ ಮನೆಯಾಕೆಯನ್ನು ನಾವು ಅತ್ತಿಗೆಯೆಂದೇ ಕರೆಯುತ್ತ ಬಂದೆವು. ಪ್ರತಿವರ್ಷವೂ ಹಿಮನದಿಯ ಪಾಠ ಬಂದಾಗ ಅವರು ಸೋಡಾ ಅಂಗಡಿಯಿಂದ ಮರದ ಹೊಟ್ಟಿನಲ್ಲಿ ಹುದುಗಿಸಿದ ಮಂಜುಗಡ್ಡೆಯ ತುಂಡೊಂದನ್ನು ತರಿಸುತ್ತಿದ್ದರು. ಅದರ ಅಡಿಗೆ ಮರಳನ್ನು ಒತ್ತಿ, ಬಟ್ಟೆ ಒಗೆಯುವ ಸಾಬೂನಿನ ಬಿಲ್ಲೆಯ ಮೇಲೆ ಮೆಲ್ಲಗೆ ಎಳೆದರೆ ಸಾಬೂನಿನ ಮೇಲೆ ಉದ್ದುದ್ದನೆಯ ಗೀರುಗಳು ಬೀಳುತ್ತಿದ್ದುವು. "ನೋಡಿದಿರಾ ಮಕ್ಕಳೆ, ಹಿಮವೆಂದರೆ ಮೆತ್ತಗಿನ ಹತ್ತಿಯಲ್ಲ; ಬೆಟ್ಟವನ್ನೇ ಅರೆದು ಹಾಕುವ ರುಬ್ಬುಗುಂಡು" ಎನ್ನುತ್ತಿದ್ದರು. ಆ ಸಾಬೂನು ಮಾತ್ರ ಅತ್ತಿಗೆಯವರ ಒಗೆಯುವ ಕಲ್ಲಿನ ಮೇಲಿನಿಂದ ಹೇಳದೆ ಕೇಳದೆ ಬಂದುದಾಗಿರುತ್ತಿತ್ತು.

ಇಷ್ಟು ವರ್ಷ ಪಾಠ ಹೇಳಿದ ಆ ಮಹನೀಯರು ತಮ್ಮ ಜನ್ಮದಲ್ಲಿ ಒಂದು ಹಿಮನದಿಯನ್ನೂ ಕಂಡವರಲ್ಲ. ಗಣಿತದವರ ಮಗ ಅಮೆರಿಕದ ಸಿಯಾಟಲ್ ಪಟ್ಟಣದಲ್ಲಿ ನೌಕರಿ ಹಿಡಿದ ಮೇಲೆ, ಅಲ್ಲಿಂದ ಅಲಾಸ್ಕಕ್ಕೆ ಹಡಗು ಹೋಗುತ್ತದೆಂಬ ಸುದ್ದಿ ಇವರ ಕಿವಿಗೆ ಬಿತ್ತು. ೨೦೧೯ರಲ್ಲಿ ಸಂಕಲ್ಪವಾಯಿತು. ೨೦೨೦ರಲ್ಲಿ ಮಹಾಮಾರಿಯ ದೆಸೆಯಿಂದ ದೊಡ್ಡ ಪ್ರವಾಸಿ ಹಡಗುಗಳ ಸಂಚಾರವೇ ಅಲ್ಲಿ ನಿಂತುಹೋಯಿತು. ೨೦೨೩ರ ಬೇಸಗೆಯಲ್ಲಿ ಎಲ್ಲವೂ ಅನುಕೂಲವಾಗಿತ್ತು, ತಡೆದವನು ನಾನು. ಮನೆಗೆ ಮಹಡಿ ಹಾಕಿಸುವ ಕೆಲಸ ನಡೆದಿತ್ತು, ನಿವೃತ್ತಿಯ ಕಾಗದಪತ್ರಗಳು ಮುಂದಿದ್ದುವು. "ಇನ್ನೆರಡು ವರ್ಷ ತಡೆಯೋಣ, ಹಿಮ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದೆ. ಅವರು ನಕ್ಕು, "ಓಡಿಹೋಗುತ್ತಿದೆ ಪಂಡಿತರೆ, ನಾನು ಹೇಳುವ ಪಾಠವೇ ಅದು" ಎಂದರು. ೨೦೨೪ರ ಮಾಘಮಾಸದಲ್ಲಿ ಒಂದು ಬೆಳಗಿನ ಝಾವ ಅವರು ಹೃದಯಾಘಾತದಿಂದ ತೀರಿಕೊಂಡರು. ನನ್ನ ಮಹಡಿ ಮುಗಿದಿತ್ತು. ಆದರೆ ಆ ಮಾತು ಮುಳ್ಳಿನಂತೆ ಒಳಗೆ ಮುರಿದುಕೊಂಡು ಉಳಿಯಿತು.

ವರ್ಷಾಬ್ದಿಕ ಕಳೆದ ಮೇಲೆ ಗಣಿತದವರೇ ಧೈರ್ಯಮಾಡಿ ಅತ್ತಿಗೆಯವರನ್ನು ಕರೆದರು. ಅವರ ಬಂಧುಗಳಲ್ಲಿ ಗುಸುಗುಸು ಎದ್ದಿತು. ಗಂಡನನ್ನು ಕಳೆದುಕೊಂಡವರಿಗೆ ಹಡಗಿನ ವಿಹಾರವೇ ಎಂದು ಕೆಲವರು ಆಡಿದರು. ಅತ್ತಿಗೆಯವರು ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ನಮ್ಮ ಮನೆಗೆ ಬಂದು, "ಅವರು ನೋಡಬೇಕೆಂದಿದ್ದುದನ್ನು ನಾನು ನೋಡಿಕೊಂಡು ಬರುತ್ತೇನೆ. ಇದರಲ್ಲಿ ವಿಹಾರವೇನು ಬಂತು?" ಎಂದರು. ಹೀಗೆ ನಾನು, ನನ್ನ ಮನೆಯಾಕೆ, ಗಣಿತದವರು ಸಪತ್ನೀಕರಾಗಿ, ಮತ್ತು ಅತ್ತಿಗೆಯವರು - ಐದು ಮಂದಿ ಹೊರಟೆವು.

ಹಡಗು ಎಂದರೆ ವಾಚಕರು ಮಂಗಳೂರಿನ ಬಂದರಿನಲ್ಲಿ ಕಾಣುವ ಮಚ್ಚೆಗಳನ್ನು ನೆನೆಯಬಾರದು. ಅದು ನೀರಿನ ಮೇಲೆ ತೇಲತಕ್ಕ ಒಂದು ಪೇಟೆ. ಎರಡು ಮೂರು ಸಾವಿರ ಪ್ರಯಾಣಿಕರು, ಅವರ ಸೇವೆಗೆ ಸಾವಿರದಷ್ಟು ಸಿಬ್ಬಂದಿ. ಊಟದ ಮನೆಗಳು, ನಾಟಕಶಾಲೆ, ಔಷಧಾಲಯ. ನಮ್ಮ ಗೃಹಿಣಿಯರಿಗೆ ಇದ್ದ ದೊಡ್ಡ ಚಿಂತೆ ಊಟದ್ದು. ಚಟ್ನಿಪುಡಿ, ಹುರಿದ ಅವಲಕ್ಕಿ, ಉಪ್ಪಿನಕಾಯಿಗಳಿಂದ ಒಂದು ಪೆಟ್ಟಿಗೆಯೇ ತುಂಬಿತ್ತು. ಆದರೆ ಮೊದಲ ರಾತ್ರಿಯೇ, ಸೀರೆಯುಟ್ಟ ಮೂವರು ಹೆಂಗಸರನ್ನು ಕಂಡು, ಬಡಿಸುವವರಲ್ಲೊಬ್ಬ ತರುಣನು ಹತ್ತಿರ ಬಂದು, "ಅಮ್ಮಾ, ನೀವು ಯಾವ ಊರಿನವರು?" ಎಂದು ಕನ್ನಡದಲ್ಲಿ ಕೇಳಿದನು. ಅವನು ಉಡುಪಿಯ ಕಡೆಯ ಹುಡುಗ; ವರ್ಷದಲ್ಲಿ ಮುಕ್ಕಾಲು ಪಾಲನ್ನು ನೀರಿನ ಮೇಲೆ ಕಳೆಯುವವನು. ಅಂದಿನಿಂದ ಏಳು ದಿನವೂ ನಮಗೆ ಅನ್ನ, ಬೇಳೆಯ ಸಾರು, ಮೊಸರು ತಪ್ಪಲಿಲ್ಲ. ಅತ್ತಿಗೆಯವರು ಚಟ್ನಿಪುಡಿಯ ಡಬ್ಬಿಯನ್ನು ಅವನಿಗೇ ಕೊಟ್ಟುಬಿಟ್ಟರು.

ಈ ಹಡಗುಗಳ ವಿಷಯದಲ್ಲಿ ಒಂದು ವಿಚಿತ್ರವಾದ ಕಾನೂನುಂಟು. ೧೮೮೬ರ ಅಮೆರಿಕದ ಶಾಸನವೊಂದರ ಪ್ರಕಾರ, ಪರದೇಶದ ಧ್ವಜವುಳ್ಳ ಹಡಗು ಅಮೆರಿಕದ ರೇವಿನಿಂದ ಹೊರಟು, ನಡುವೆ ಬೇರೆ ದೇಶದ ನೆಲವನ್ನು ಮುಟ್ಟದೆ, ಅಮೆರಿಕದ ರೇವುಗಳನ್ನೇ ಸುತ್ತಿ ಹಿಂದಿರುಗಕೂಡದು. ದೊಡ್ಡ ಪ್ರವಾಸಿ ಹಡಗುಗಳಲ್ಲಿ ಹೆಚ್ಚಿನವು ಪರದೇಶದ ಧ್ವಜದವು. ಆದ್ದರಿಂದ ಸಿಯಾಟಲ್ಲಿನಿಂದ ಅಲಾಸ್ಕಕ್ಕೆ ಹೋಗುವವುಗಳು ಕೆನಡದ ವಿಕ್ಟೋರಿಯದಂಥ ರೇವಿನಲ್ಲಿ ಕೆಲವು ಗಂಟೆಗಳಾದರೂ ತಂಗುತ್ತವೆ. ನಮ್ಮವರು ಹೋಗುವುದಾದರೆ ಎರಡು ದೇಶಗಳ ಅನುಮತಿ ಪತ್ರಗಳನ್ನೂ ಮುಂಚಿತವಾಗಿ ಪಡೆದಿರಬೇಕೆಂಬುದನ್ನು ಮರೆಯಬಾರದು. ಉಣ್ಣೆಯ ಅಂಗಿಯ ಮೇಲೆ ನೀರು ಹಿಡಿಯದ ಮೇಲಂಗಿ ಜೂನಿನಲ್ಲಿಯೂ ಬೇಕು.

ಎರಡನೆಯ ದಿನವೆಲ್ಲ ತೆರೆದ ಸಮುದ್ರ. ಹಡಗು ತೊಟ್ಟಿಲಾಯಿತು, ನಾವು ಮಾತ್ರ ಕೂಸುಗಳಂತೆ ನಿದ್ರಿಸಲಿಲ್ಲ. ಮೂರನೆಯ ದಿನದ ಬೆಳಗಿನಲ್ಲಿ ಎದ್ದು ನೋಡುತ್ತೇವೆ, ನೀರು ಕೆರೆಯಂತೆ ನಿಶ್ಚಲ. ಎರಡು ಕಡೆಯಲ್ಲಿಯೂ ಕಡುಹಸುರು ಕಾಡಿನಿಂದ ಮುಚ್ಚಿದ ಬೆಟ್ಟಗಳು. ಅವುಗಳ ಸೊಂಟದಲ್ಲಿ ಮೋಡದ ಒಲ್ಲಿ.

ಅಲಾಸ್ಕದ ಆಗ್ನೇಯ ಭಾಗವು ಕೆನಡದ ಪಶ್ಚಿಮದ ಅಂಚಿನಲ್ಲಿ ಸೆರಗಿನಂತೆ ಇಳಿದುಬಂದಿದೆ. ಅದರ ಮುಂದೆ ಸುಮಾರು ೧,೧೦೦ ದ್ವೀಪಗಳು ಗೋಡೆಯಂತೆ ನಿಂತು ಸಾಗರದ ಅಲೆಗಳನ್ನು ತಡೆಯುತ್ತವೆ. ಒಳಗಿನ ಕಿರಿದಾದ ಜಲಮಾರ್ಗಗಳೆಲ್ಲ ಪೂರ್ವಕಾಲದಲ್ಲಿ ಹಿಮನದಿಗಳು ಕೊರೆದ ಕಣಿವೆಗಳು. ಹಿಮ ಹಿಂದೆ ಸರಿದ ಮೇಲೆ ಸಮುದ್ರವು ಒಳನುಗ್ಗಿ ಅವನ್ನು ತುಂಬಿತು. ಸುತ್ತಣ ಕಾಡು ಟಾಂಗಸ್ ಎಂಬ ಹೆಸರಿನದು. ೧೯೦೭ರಲ್ಲಿ ರಕ್ಷಿತಾರಣ್ಯವಾದ ಇದು ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲೆಲ್ಲ ದೊಡ್ಡದು. ಈ ನಾಡನ್ನು ಅಮೆರಿಕವು ೧೮೬೭ರಲ್ಲಿ ರಷ್ಯದ ಚಕ್ರವರ್ತಿಯಿಂದ ೭೨ ಲಕ್ಷ ಡಾಲರುಗಳಿಗೆ ಕೊಂಡಿತು. ಕೊಟ್ಟವರಾಗಲಿ ಕೊಂಡವರಾಗಲಿ, ಸಾವಿರಾರು ವರ್ಷಗಳಿಂದ ಅಲ್ಲಿದ್ದ ಟ್ಲಿಂಗಿಟ್ ಮೊದಲಾದ ಜನರನ್ನು ಕೇಳಲಿಲ್ಲ.

ನಮ್ಮ ಮೊದಲ ರೇವು ಕೆಚಿಕಾನ್. ವರ್ಷಕ್ಕೆ ಸುಮಾರು ೧೫೦ ಅಂಗುಲ ಮಳೆ ಬೀಳುವ ಊರೆಂದು ಅಲ್ಲಿಯವರು ಹೆಮ್ಮೆಯಿಂದ ಹೇಳಿದರು. ಆಗುಂಬೆಯ ಮಗ್ಗುಲಿನಿಂದ ಹೋದ ನಾವು ನಸುನಕ್ಕೆವು. ನಮ್ಮ ಆಗುಂಬೆಯಲ್ಲಿ ಅದರ ಎರಡರಷ್ಟು ಸುರಿಯುತ್ತದೆ. ಆದರೆ ನಮ್ಮ ಮಳೆ ನಾಲ್ಕು ತಿಂಗಳಲ್ಲಿ ತನ್ನ ಕೆಲಸ ಮುಗಿಸಿ ಹೋಗುತ್ತದೆ. ಅಲ್ಲಿಯದು ವರ್ಷವೆಲ್ಲ ಬಿಡದೆ ಹನಿಯುತ್ತದೆ. ಊರ ನಡುವಿನ ಹೊಳೆಗೆ ಸಾಲ್ಮನ್ ಮೀನುಗಳು ಮರಳಿ ಬರುತ್ತವೆ. ಹೊಳೆಯಲ್ಲಿ ಹುಟ್ಟಿ, ಸಾಗರದಲ್ಲಿ ಬೆಳೆದು, ಮೊಟ್ಟೆಯಿಡುವುದಕ್ಕೆ ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ಬಂದು ಅಲ್ಲಿಯೇ ಪ್ರಾಣ ಬಿಡುವುದು ಅವುಗಳ ಧರ್ಮ. ಕರಡಿಗಳು ಅವನ್ನು ಕಾಡಿನೊಳಕ್ಕೆ ಎಳೆದೊಯ್ದು ತಿಂದು ಬಿಟ್ಟುದು ಮರಗಳಿಗೆ ಗೊಬ್ಬರವಾಗುತ್ತದೆ.

ಕೆಚಿಕಾನಿನಲ್ಲಿ ನೋಡತಕ್ಕದ್ದು ಟೋಟೆಮ್ ಕಂಬಗಳು. ದೇವದಾರುವಿನಂಥ ಮರದ ಇಡೀ ಕಾಂಡದಲ್ಲಿ ಕಾಗೆ, ಹದ್ದು, ಕರಡಿ, ತಿಮಿಂಗಿಲಗಳ ರೂಪಗಳನ್ನು ಒಂದರ ಮೇಲೊಂದಾಗಿ ಕೆತ್ತಿರುತ್ತಾರೆ. ನಾವು ಅವನ್ನು ವಿಗ್ರಹಗಳೆಂದು ತಿಳಿದಿದ್ದೆವು, ಅದು ತಪ್ಪು. ಅವು ಪೂಜೆಗಲ್ಲ, ನೆನಪಿಗೆ. ಕೆಲವು ಮನೆತನದ ಲಾಂಛನಗಳನ್ನು ಸಾರುತ್ತವೆ, ಕೆಲವು ಸತ್ತವರ ಸ್ಮಾರಕಗಳು. ನಮ್ಮ ವೀರಗಲ್ಲುಗಳಿಗೆ ಅವನ್ನು ಹೋಲಿಸಬಹುದು. ೧೯೭೬ರಲ್ಲಿ ಸ್ಥಾಪಿತವಾದ ಒಂದು ಸಂಗ್ರಹಾಲಯದಲ್ಲಿ, ಜನ ಬಿಟ್ಟುಹೋದ ಹಳ್ಳಿಗಳಿಂದ ತಂದ ಹತ್ತೊಂಬತ್ತನೆಯ ಶತಮಾನದ ಕಂಬಗಳನ್ನಿಟ್ಟಿದ್ದಾರೆ. ಬಣ್ಣ ಹೋಗಿ, ಬಿರುಕುಬಿಟ್ಟು, ಮುದುಕರ ಮುಖದಂತಾಗಿವೆ.

ಈ ಜನರ ಕುಲಪದ್ಧತಿಯನ್ನು ಕೇಳಿ ನಮಗೆ ದೂರದ ದೇಶದಲ್ಲಿದ್ದೇವೆಂಬುದೇ ಮರೆಯಿತು. ಟ್ಲಿಂಗಿಟರಲ್ಲಿ ಕಾಗೆ, ಹದ್ದು ಎಂಬ ಎರಡು ದೊಡ್ಡ ಪಂಗಡಗಳು. ಕಾಗೆಯವರು ಹದ್ದಿನವರಲ್ಲಿಯೇ ಹೆಣ್ಣು ಗಂಡು ತರಬೇಕೆಂಬುದು ಸಂಪ್ರದಾಯ. ಸ್ವಪಂಗಡ ವಿವಾಹವು ನಮ್ಮ ಸಗೋತ್ರ ವಿವಾಹದಂತೆ ನಿಷಿದ್ಧ. ಮಕ್ಕಳು ತಾಯಿಯ ಕುಲಕ್ಕೆ ಸೇರುತ್ತಾರೆ. ನಮ್ಮ ತುಳುನಾಡಿನ ಅಳಿಯಸಂತಾನದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಒಬ್ಬರು ಸತ್ತರೆ ಎದುರು ಪಂಗಡದವರು ಬಂದು ಅಂತ್ಯಕ್ರಿಯೆಗೆ ನೆರವಾಗುತ್ತಾರೆ. ಒಂದು ವರ್ಷದ ಮೇಲೆ ಸತ್ತವರ ಕುಲದವರು ಅವರನ್ನು ಕರೆದು, ಊಟವಿಕ್ಕಿ, ಉಡುಗೊರೆ ಕೊಟ್ಟು ಋಣ ತೀರಿಸುತ್ತಾರೆ. ಸತ್ತವರನ್ನು ಹೆಸರು ಹಿಡಿದು ನೆನೆದು, ಅತ್ತು, ದುಃಖವನ್ನು ಅಲ್ಲಿಗೆ ಇಳಿಸುತ್ತಾರೆ. ನೆರೆಯ ಕೆನಡದಲ್ಲಿ ಇಂಥ ಕೂಟಗಳನ್ನು ೧೮೮೫ರಿಂದ ೧೯೫೧ರವರೆಗೆ ಕಾನೂನಿನಿಂದಲೇ ನಿಷೇಧಿಸಿದ್ದರು. ಇದನ್ನು ಕೇಳಿದಾಗ ಅತ್ತಿಗೆಯವರು, "ಸತ್ತವರಿಗೆ ಊಟವಿಡುವುದನ್ನು ಕೂಡ ಬೇಡವೆಂದರೆ?" ಎಂದಷ್ಟೇ ಹೇಳಿ ಆ ಹಳೆಯ ಕಂಬಗಳ ಮುಂದೆ ಬಹಳ ಹೊತ್ತು ನಿಂತರು.

ನಾಲ್ಕನೆಯ ದಿನ ಜೂನೋ. ಇದು ಅಲಾಸ್ಕದ ರಾಜಧಾನಿ. ೧೮೮೦ರಲ್ಲಿ ಟ್ಲಿಂಗಿಟ್ ಮುಖಂಡನೊಬ್ಬನು ದಾರಿ ತೋರಿಸಿ, ಇಬ್ಬರು ಬಿಳಿಯರು ಚಿನ್ನ ಕಂಡುದರಿಂದ ಹುಟ್ಟಿದ ಊರು. ಹಿಂದೆ ಹಿಮದ ಬಯಲು, ಮುಂದೆ ಸಮುದ್ರ; ಹೊರಗಿನ ಯಾವ ಊರಿನಿಂದಲೂ ಅದಕ್ಕೆ ರಸ್ತೆಯಿಲ್ಲ. ಹಡಗಿನಲ್ಲಿ ಹೋಗಬೇಕು, ಇಲ್ಲವೆ ವಿಮಾನದಲ್ಲಿ. ಸುಮಾರು ೩೨,೦೦೦ ಜನರಿರುವ ಈ ಊರಿಗೆ ೨೦೨೩ರಲ್ಲಿ ಹದಿನಾರು ಲಕ್ಷಕ್ಕೂ ಹೆಚ್ಚು ಹಡಗು ಪ್ರಯಾಣಿಕರು ಬಂದಿಳಿದರು. ನೆಂಟರು ಹೆಚ್ಚಾದ ಮನೆಯ ಪಾಡು ಯಾವುದೆಂದು ನಮ್ಮ ಗೃಹಿಣಿಯರಿಗೆ ಗೊತ್ತು. ಕೊನೆಗೆ ೨೦೨೪ರಿಂದ ದಿನಕ್ಕೆ ಐದಕ್ಕಿಂತ ಹೆಚ್ಚು ದೊಡ್ಡ ಹಡಗುಗಳು ಬರಬಾರದೆಂದು ಊರಿನವರೂ ಹಡಗಿನವರೂ ಒಪ್ಪಂದ ಮಾಡಿಕೊಂಡರು.

ಊರಿನಿಂದ ಹನ್ನೆರಡು ಮೈಲಿಯ ದೂರದಲ್ಲಿ ಮೆಂಡನ್‌ಹಾಲ್ ಹಿಮನದಿ. ಹದಿಮೂರು ಮೈಲಿ ಉದ್ದದ ಹಿಮಪ್ರವಾಹವು ಬೆಟ್ಟಗಳ ನಡುವಿನಿಂದ ಇಳಿದು ಬಂದಿದೆ. ಅದರ ಮುಂದಿನ ಸರೋವರವು ೧೯೨೯ರ ಸುಮಾರಿಗೆ ಹುಟ್ಟಿಕೊಂಡದ್ದು; ಅದಕ್ಕೆ ಮೊದಲು ಅಲ್ಲಿದ್ದುದು ಹಿಮವೇ. ನಾವು ನಿಂತಿದ್ದ ಬಂಡೆಯೂ ನೂರು ವರ್ಷಗಳ ಕೆಳಗೆ ಹಿಮದ ಅಡಿಯಲ್ಲಿತ್ತು. ಈಗ ಹಿಮನದಿಯ ಮುಖವನ್ನು ನೋಡಬೇಕಾದರೆ ಸರೋವರದ ಆಚೆಗೆ ಕಣ್ಣು ಕಿರಿದುಮಾಡಿ ನೋಡಬೇಕು.

ನಾವೆಲ್ಲ ದೂರದ ಹಿಮವನ್ನು ನೋಡುತ್ತಿದ್ದಾಗ ಅತ್ತಿಗೆಯವರು ಮಾತ್ರ ಕಾಲ ಬಳಿಯ ಬಂಡೆಯನ್ನು ನೋಡುತ್ತಿದ್ದರು. ಮೆಲ್ಲನೆ ಕೂತು, ಕೈಗವಸನ್ನು ತೆಗೆದು, ಬೆರಳುಗಳಿಂದ ಅದನ್ನು ಸವರಿದರು. ನುಣ್ಣಗಾದ ಆ ಕಲ್ಲಿನ ಮೇಲೆ ಒಂದೇ ದಿಕ್ಕಿಗೆ ಉದ್ದುದ್ದನೆಯ ಗೀರುಗಳಿದ್ದುವು.

"ಪಂಡಿತರೆ, ಇಲ್ಲಿ ನೋಡಿ. ನನ್ನ ಸಾಬೂನು!" ಎಂದರು.

ನಾವು ಯಾರೂ ಮಾತಾಡಲಿಲ್ಲ. ಅವರೇ ಮುಂದುವರಿದು, "ಪ್ರತಿವರ್ಷ ಜಗಳವಾಡುತ್ತಿದ್ದೆ, ಒಂದು ಬಿಲ್ಲೆ ಸಾಬೂನು ಹಾಳಾಯಿತೆಂದು. ಅವರು ಮಕ್ಕಳಿಗೆ ಏನೋ ಆಟ ತೋರಿಸುತ್ತಾರೆಂದು ತಿಳಿದಿದ್ದೆ. ಇಷ್ಟು ದೊಡ್ಡ ಕೆಲಸವೆಂದು ನನಗೆ ಯಾರು ಹೇಳಿದರು?" ಎಂದು ನಗುತ್ತಿದ್ದಂತೆಯೇ ಕಣ್ಣೊರೆಸಿಕೊಂಡರು. ನನ್ನ ಮನೆಯಾಕೆ ಹೋಗಿ ಅವರ ಪಕ್ಕದಲ್ಲಿ ಕುಳಿತಳು. ನಾನು ಮುಖ ತಿರುಗಿಸಿ ನಿಂತೆ. ಆ ಬಂಡೆಯನ್ನು ಮುಟ್ಟಬೇಕಾಗಿದ್ದ ಕೈ ಯಾವುದು, ಅದು ಅಲ್ಲಿಗೆ ಬಾರದಂತೆ ಮಾಡಿದ ಮಾತು ಯಾರದು ಎಂಬುದು ನನಗೆ ತಿಳಿದಿತ್ತು.

ಹಿಮ ಸರಿಯುವುದೆಂದರೆ ನೋಟ ಬದಲಾಗುವುದಷ್ಟೇ ಅಲ್ಲವೆಂಬುದನ್ನೂ ಆ ಊರಿನಲ್ಲಿ ತಿಳಿದೆವು. ಮೆಂಡನ್‌ಹಾಲಿನ ಮಗ್ಗುಲಿನ ಕಣಿವೆಯೊಂದರಲ್ಲಿದ್ದ ಸಣ್ಣ ಹಿಮನದಿ ಹಿಂದೆ ಸರಿದು ಅಲ್ಲಿ ಹಳ್ಳ ಬಿದ್ದಿದೆ. ಕರಗಿದ ನೀರು, ಮಳೆಯ ನೀರು ಅದರಲ್ಲಿ ತುಂಬಿ, ಮೆಂಡನ್‌ಹಾಲಿನ ಹಿಮವೇ ಕಟ್ಟೆಯಾಗಿ ನಿಲ್ಲುತ್ತದೆ. ತುಂಬಿದ ನೀರು ಹಿಮದ ಅಡಿಯಲ್ಲಿ ದಾರಿ ಕೊರೆದು ಒಮ್ಮೆಲೇ ಹೊರಕ್ಕೆ ನುಗ್ಗುತ್ತದೆ. ೨೦೨೩ರ ಆಗಸ್ಟಿನಲ್ಲಿ ಹೀಗಾಗಿ ಹೊಳೆಯ ದಡದ ಮನೆಗಳು ಕೊಚ್ಚಿಹೋದುವು. ೨೦೨೪ರ ಆಗಸ್ಟಿನಲ್ಲಿ ನೂರಾರು ಮನೆಗಳಿಗೆ ನೀರು ನುಗ್ಗಿತು. ನಾವು ಊರಿಗೆ ಮರಳಿದ ಮೇಲೆ, ೨೦೨೫ರ ಆಗಸ್ಟಿನಲ್ಲಿ, ಮತ್ತೆ ಪ್ರವಾಹ ಬಂದ ಸುದ್ದಿಯನ್ನು ಓದಿದೆವು.

ಐದನೆಯ ದಿನ ಸ್ಕಾಗ್ವೇ. ೧೮೯೬ರ ಆಗಸ್ಟಿನಲ್ಲಿ ಕೆನಡದ ಕ್ಲಾಂಡೈಕ್ ಪ್ರದೇಶದಲ್ಲಿ ಚಿನ್ನ ಸಿಕ್ಕಿತೆಂದು ತಿಳಿದು, ಮರುವರ್ಷದಿಂದ ಸುಮಾರು ಲಕ್ಷ ಜನ ಮನೆಮಠ ಬಿಟ್ಟು ಹೊರಟರೆಂದು ಅಂದಾಜು. ಅವರಲ್ಲಿ ಅನೇಕರು ಇಳಿದದ್ದು ಈ ರೇವಿನಲ್ಲಿ. ಗಡಿಯ ಕಣಿವೆದಾರಿಯಲ್ಲಿ ಸುಮಾರು ಮೂರು ಸಾವಿರ ಕುದುರೆಗಳು ಭಾರ ಹೊತ್ತು ಸತ್ತುವು. ೧೮೯೮ರಲ್ಲಿ ಆರಂಭಿಸಿ ೧೯೦೦ರಲ್ಲಿ ಮುಗಿಸಿದ ರೈಲುದಾರಿ ಇಂದಿಗೂ ಇದೆ. ಹಳಿಗಳ ನಡುವಣ ಅಂತರ ಮೂರೇ ಅಡಿ. ಇಪ್ಪತ್ತು ಮೈಲಿಯಲ್ಲಿ ಮೂರು ಸಾವಿರ ಅಡಿಯ ಹತ್ತಿರಕ್ಕೆ ಏರುತ್ತದೆ. ರೈಲುದಾರಿ ಸಿದ್ಧವಾಗುವ ಹೊತ್ತಿಗೆ ಚಿನ್ನದ ಹುಚ್ಚು ಇಳಿದುಹೋಗಿತ್ತು. "ಕೂಡುವುದರಲ್ಲಿಯೇ ಕಾಲ ಕಳೆಯಿತು, ಭಾಗಿಸುವುದಕ್ಕೆ ಏನೂ ಉಳಿಯಲಿಲ್ಲ" ಎಂದರು ಗಣಿತದವರು. ಆ ರಾತ್ರಿ ಹತ್ತು ಗಂಟೆಗೂ ಬೆಳಕಿತ್ತು. ಸಾಯಂಸಂಧ್ಯೆಯನ್ನು ಗಡಿಯಾರ ನೋಡಿ ಮಾಡುವುದೋ, ಸೂರ್ಯನನ್ನು ನೋಡಿ ಮಾಡುವುದೋ ಎಂದು ಅವರು ನನ್ನನ್ನು ಕೇಳಿದರು. ಸೂರ್ಯನನ್ನೇ ನೋಡಿ ಎಂದೆ, ನಿದ್ದೆಗೆಟ್ಟವರು ಇಬ್ಬರೂ.

ಆರನೆಯ ದಿನ ನಮ್ಮ ಯಾತ್ರೆಯ ಕ್ಷೇತ್ರ: ಗ್ಲೇಷಿಯರ್ ಬೇ, ಎಂದರೆ ಹಿಮನದಿಗಳ ಕೊಲ್ಲಿ. ೧೯೨೫ರಿಂದ ಸಂರಕ್ಷಿತವಾಗಿ, ೧೯೮೦ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಸ್ಥಳಕ್ಕೆ ದಿನಕ್ಕೆ ಎರಡೇ ದೊಡ್ಡ ಹಡಗುಗಳಿಗೆ ಪ್ರವೇಶ. ಬೆಳಗ್ಗೆ ಉದ್ಯಾನದ ಅಧಿಕಾರಿಗಳು ಸಣ್ಣ ದೋಣಿಯಲ್ಲಿ ಬಂದು ಹಡಗನ್ನೇರಿ, ದಿನವೆಲ್ಲ ನಿಂತು ಪಾಠ ಹೇಳಿದರು. ಮೇಷ್ಟರುಗಳಾದ ನಾವು ಒಳ್ಳೆಯ ವಿದ್ಯಾರ್ಥಿಗಳಾಗಿ ಕೇಳಿದೆವು.

೧೭೯೪ರಲ್ಲಿ ಕಪ್ತಾನ್ ವ್ಯಾಂಕೂವರನ ಜನ ಇಲ್ಲಿಗೆ ಬಂದಾಗ ಈ ಕೊಲ್ಲಿಯೇ ಇರಲಿಲ್ಲ. ಐದು ಮೈಲಿಯ ಒಂದು ತಗ್ಗು, ಅದರ ಹಿಂದೆ ದಿಗಂತದವರೆಗೆ ಹಿಮ. ಕೆಲವೆಡೆ ಅದರ ದಪ್ಪ ನಾಲ್ಕು ಸಾವಿರ ಅಡಿಗೂ ಹೆಚ್ಚು. ೧೮೭೯ರಲ್ಲಿ ಜಾನ್ ಮ್ಯೂರ್ ಎಂಬ ಪ್ರಕೃತಿಶಾಸ್ತ್ರಜ್ಞನು ಟ್ಲಿಂಗಿಟರ ದೋಣಿಯಲ್ಲಿ ಬಂದಾಗ ಹಿಮವು ಮೂವತ್ತು ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ೧೯೧೬ರ ವೇಳೆಗೆ ಅರವತ್ತು ಮೈಲಿ. ಮೊದಲು ಸರಿದುದು ಪ್ರಕೃತಿಯ ಒಂದು ದೀರ್ಘವಾದ ಶೀತಕಾಲ ಮುಗಿದುದರಿಂದ. ಇತ್ತೀಚಿನ ದಶಕಗಳಲ್ಲಿ ಅಲಾಸ್ಕದ ಹಿಮನದಿಗಳು ಕರಗುತ್ತಿರುವುದಕ್ಕೆ ಮುಖ್ಯ ಕಾರಣ ಮನುಷ್ಯನು ಸುಡುವ ಕಲ್ಲಿದ್ದಲು, ಎಣ್ಣೆಗಳಿಂದ ಏರಿದ ಬಿಸಿ. ನಮ್ಮ ಹಡಗಿನ ಕೊಳವೆಯ ಹೊಗೆಯೂ ಆ ಲೆಕ್ಕದಲ್ಲಿ ಸೇರಿದೆಯೆಂಬುದನ್ನು ಮರೆಮಾಚಲಾರೆ.

ಕೊಲ್ಲಿಯ ಬಾಯಿಯಿಂದ ಒಳಕ್ಕೆ ಹೋಗುವುದೆಂದರೆ ಕಾಲದಲ್ಲಿ ಹಿಂದಕ್ಕೆ ಹೋದಂತೆ. ಬಾಯಿಯಲ್ಲಿ ಹಿಮ ಹೋಗಿ ಇನ್ನೂರು ವರ್ಷಗಳಾದುದರಿಂದ ಸ್ಪ್ರೂಸ್, ಹೆಮ್ಲಾಕ್ ಮರಗಳ ದಟ್ಟವಾದ ಕಾಡು. ಮುಂದೆ ಹೋದಂತೆ ಮರಗಳು ಗಿಡ್ಡವಾಗಿ ಆಲ್ಡರ್ ಪೊದೆಗಳು, ಅದಕ್ಕ

ೂ ಮುಂದೆ ನೆಲ ಹಿಡಿದ ಸಣ್ಣ ಗಿಡ, ಹಾವಸೆ. ಕೊನೆಯಲ್ಲಿ ಬರಿಯ ಬಂಡೆ. ಹಾವಸೆಯೂ ಸಣ್ಣ ಗಿಡಗಳೂ ಮಣ್ಣನ್ನು ಹಿಡಿಯುತ್ತವೆ. ಆಲ್ಡರ್ ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುತ್ತದೆ. ಆ ನೆಲದಲ್ಲಿ ಸ್ಪ್ರೂಸ್ ಬೇರೂರಿ ಆಲ್ಡರನ್ನೇ ಮೀರಿ ಬೆಳೆಯುತ್ತದೆ. ವಿಲಿಯಂ ಕೂಪರ್ ಎಂಬ ಸಸ್ಯಶಾಸ್ತ್ರಜ್ಞನು ೧೯೧೬ರಲ್ಲಿ ಇಲ್ಲಿ ಗುರುತು ಹಾಕಿದ ಸಣ್ಣ ಸಣ್ಣ ಚೌಕಗಳನ್ನು ನೂರು ವರ್ಷ ಕಳೆದ ಮೇಲೂ ಶಿಷ್ಯಪರಂಪರೆಯವರು ಹುಡುಕಿ ಪರೀಕ್ಷಿಸಿದ್ದಾರೆ. ಗುರು ನೆಟ್ಟ ಗೂಟವನ್ನು ಶಿಷ್ಯರ ಶಿಷ್ಯರು ಕಾಯುವುದು ಎಂಥ ಭಾಗ್ಯ!

ಮಧ್ಯಾಹ್ನಕ್ಕೆ ಮೊದಲು ಮಾರ್ಜರಿ ಎಂಬ ಹಿಮನದಿಯ ಮುಂದೆ ಹಡಗು ನಿಂತಿತು. ಒಂದು ಮೈಲಿ ಅಗಲ. ನೀರಿನ ಮೇಲೆ ಸುಮಾರು ೨೫೦ ಅಡಿ ಎತ್ತರದ ಹಿಮದ ಗೋಡೆ. ಅದರ ಬಣ್ಣ ಬಿಳುಪಲ್ಲ, ನೀಲಿ. ಬಹುಕಾಲ ಒತ್ತಿ ಒತ್ತಿ ಗಾಳಿಯ ಗುಳ್ಳೆಗಳು ಹೋದ ಹಿಮವು ಬೆಳಕಿನ ಕೆಂಪನ್ನು ನುಂಗಿ ನೀಲಿಯನ್ನು ಉಳಿಸುತ್ತದೆ. ಸಾವಿರಾರು ಜನ ನಿಂತಿದ್ದರೂ ಪಿಸುಮಾತಿಲ್ಲ. ಇದ್ದಕ್ಕಿದ್ದಂತೆ ಗೋಡೆಯ ಒಂದು ಚೂರು ಸದ್ದಿಲ್ಲದೆ ಜಾರಿತು. ನೀರು ಮೇಲಕ್ಕೆ ಚಿಮ್ಮಿತು. ಆಮೇಲೆ ಗುಡುಗಿನಂಥ ಶಬ್ದ ಬಂದು ಎದೆಗೆ ಬಡಿಯಿತು. ಗಣಿತದವರು ಬೆರಳು ಮಡಿಸಿ ಎಣಿಸುತ್ತಿದ್ದರು. "ಎರಡೂವರೆ ಸೆಕೆಂಡು. ಅರ್ಧ ಮೈಲಿ ದೂರ" ಎಂದರು. ಅವರ ದನಿ ನಡುಗುತ್ತಿತ್ತು.

ಅತ್ತಿಗೆಯವರು ತಮ್ಮ ಚೀಲದಿಂದ ಒಂದು ಹಳೆಯ ನೋಟುಪುಸ್ತಕವನ್ನು ತೆಗೆದರು. ಅದು ಭೂಗೋಳದವರ ಪಾಠದ ಟಿಪ್ಪಣಿ. ಅದನ್ನು ಈ ನೀರಿಗೆ ಬಿಡಬೇಕೆಂದು ತಂದಿದ್ದರಂತೆ. ಆದರೆ ಆ ಉದ್ಯಾನದಲ್ಲಿ ಒಂದು ಹುಲ್ಲುಕಡ್ಡಿಯನ್ನೂ ನೀರಿಗೆಸೆಯಕೂಡದೆಂದು ಬೆಳಗ್ಗೆಯೇ ಹೇಳಿದ್ದರು. ಅವರು ಅದನ್ನು ತೆರೆದು, ಹಿಮನದಿಯ ಚಿತ್ರ ಬರೆದ ಪುಟವನ್ನು ಒಮ್ಮೆ ನೋಡಿ, ಎದುರಿನ ಹಿಮವನ್ನು ಒಮ್ಮೆ ನೋಡಿ, "ಸರಿಯಾಗಿಯೇ ಬರೆದಿದ್ದಾರೆ" ಎಂದು ಮುಚ್ಚಿದರು.

ಹಿಂದಿರುಗುವಾಗ ಆ ಅಧಿಕಾರಿಣಿ ಇಲ್ಲಿಯ ಮೂಲನಿವಾಸಿಗಳ ಕಥೆಯನ್ನು ಹೇಳಿದಳು. ಹೂನಾ ಟ್ಲಿಂಗಿಟರು ಈ ಕೊಲ್ಲಿಯಿದ್ದೆಡೆಯ ಬಯಲಿನಲ್ಲಿ ವಾಸವಾಗಿದ್ದರು. ೧೭೫೦ರ ಸುಮಾರಿಗೆ ಹಿಮವು ಮುಂದಕ್ಕೆ ನುಗ್ಗಿ ಅವರ ಮನೆಗಳನ್ನು ಅಳಿಸಿತು. ಊರೆಲ್ಲ ದೋಣಿ ಹತ್ತಿದರೂ ಒಬ್ಬ ಹೆಂಗಸು ಮಾತ್ರ ಮನೆ ಬಿಟ್ಟು ಬರಲೊಪ್ಪದೆ ಅಲ್ಲಿಯೇ ಉಳಿದಳೆಂದು ಅವರ ಪರಂಪರೆಯ ಕಥೆ. ಹಿಮ ಸರಿದ ಮೇಲೆ ಅವರು ಈ ನೀರಿಗೆ 'ಸಿಟ್ ಈಟೀ ಗೇಯೀ' ಎಂದು ಹೆಸರಿಟ್ಟರು. 'ಹಿಮನದಿಯ ಸ್ಥಾನದಲ್ಲಿರುವ ಕೊಲ್ಲಿ' ಎಂದು ಅದರ ಅರ್ಥ. ೨೦೧೬ರ ಆಗಸ್ಟಿನಲ್ಲಿ ಕೊಲ್ಲಿಯ ಬಾಯಿಯ ದಡದಲ್ಲಿ ಅವರ ಪೂರ್ವಿಕರ ಹೆಸರಿನ ಮನೆಯೊಂದು ಮತ್ತೆ ಎದ್ದು ನಿಂತಿತು.

'ಸ್ಥಾನದಲ್ಲಿ' ಎಂಬ ಮಾತನ್ನು ಕೇಳಿ ನಾನು ಬೆಚ್ಚಿದೆ. ಮೂವತ್ತು ವರ್ಷ ಮಕ್ಕಳಿಗೆ ನಾನು ಹೇಳಿದ ಸಂಧಿಪಾಠವೇ ಅದು. ಮಳೆ, ಕಾಲ ಎರಡೂ ಸೇರಿ ಮಳೆಗಾಲವಾದಾಗ ಕಕಾರ ಹೋಗಿ ಅದರ ಸ್ಥಾನದಲ್ಲಿ ಗಕಾರ ಬರುತ್ತದೆ, ಅದು ಆದೇಶ. ಸುಮ್ಮನೆ ಹೋದರೆ ಲೋಪ. ಸಂಸ್ಕೃತ ವೈಯಾಕರಣರು ಹೋದದ್ದನ್ನು ಸ್ಥಾನಿಯೆಂದು ಕರೆದು, ಅನೇಕ ಸಂದರ್ಭಗಳಲ್ಲಿ ಸ್ಥಾನಿಯ ಧರ್ಮಗಳು ಆದೇಶಕ್ಕೂ ಸಲ್ಲುತ್ತವೆಂದು ವಿಧಿಸಿದ್ದಾರೆ. ಹೋದದ್ದು ಬರಿಯ ಲೋಪವಾಗಿ ಉಳಿಯುವುದೋ ಆದೇಶವಾಗುವುದೋ ಎಂಬುದು ಮುಂದೆ ಬಂದವರು ಆ ಸ್ಥಾನದ ಭಾರವನ್ನು ಹೊರುತ್ತಾರೆಯೇ ಎಂಬುದನ್ನು ಅವಲಂಬಿಸಿದೆ. ಟ್ಲಿಂಗಿಟರು ಕೊಲ್ಲಿಗೆ ಹೊಸ ಹೆಸರು ಕೊಡುವಾಗ ಹಿಮವನ್ನು ಮರೆಯಲಿಲ್ಲ.

ಅಂದು ಸಂಜೆ ಕೊಲ್ಲಿಯ ಬಾಯಿಯ ಬಳಿ ತಿಮಿಂಗಿಲವೊಂದು ಉಸಿರು ಚಿಮ್ಮಿಸಿ ಬಾಲವನ್ನೆತ್ತಿ ಮುಳುಗಿತು. ಚಳಿಗಾಲವನ್ನು ಹವಾಯಿಯ ಬೆಚ್ಚನೆಯ ನೀರಿನಲ್ಲಿ ಬಹುಮಟ್ಟಿಗೆ ಉಪವಾಸದಲ್ಲಿ ಕಳೆದು, ಬೇಸಗೆಯಲ್ಲಿ ಉಣ್ಣುವುದಕ್ಕೆ ಇಲ್ಲಿಗೆ ಬರುವ ಪ್ರಾಣಿ ಅದು. ಆಗ ನಾನು ಅತ್ತಿಗೆಯವರ ಹತ್ತಿರ ಹೋಗಿ, ಎರಡು ವರ್ಷದಿಂದ ಹೇಳಲಾರದಿದ್ದುದನ್ನು ಹೇಳಿದೆ. "೨೦೨೩ರಲ್ಲಿ ನಾನು ತಡೆಯದಿದ್ದರೆ ಅವರೂ ನೋಡುತ್ತಿದ್ದರು. ತಪ್ಪು ನನ್ನದು" ಎಂದೆ. ಅವರು ತಿಮಿಂಗಿಲ ಮುಳುಗಿದ ಕಡೆಯನ್ನೇ ನೋಡುತ್ತ, "ಗೊತ್ತು. ನನಗೂ ಆಗ ಕೋಪ ಬಂದಿತ್ತು" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಚಳಿ ಹೆಚ್ಚಾಯಿತು. ಒಳಗೆ ಹೋಗಿ ಕಾಫಿ ಕುಡಿಯೋಣ ಬನ್ನಿ, ಪಂಡಿತರೆ" ಎಂದರು. ಕ್ಷಮಿಸಿದೆನೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾಫಿ ಕುಡಿದೆವು.

ವಿಕ್ಟೋರಿಯದಲ್ಲಿ ಕೆಲವು ಗಂಟೆ ತಂಗಿ, ಸಿಯಾಟಲ್ ಸೇರಿ, ಜುಲೈ ತಿಂಗಳ ಮಳೆಯಲ್ಲಿ ಊರಿಗೆ ಬಂದೆವು. ಮೊನ್ನೆ ನಮ್ಮ ಹಳೆಯ ಶಾಲೆಯ ಮುಖ್ಯೋಪಾಧ್ಯಾಯರು ಪ್ರವಾಸದ ವಿಷಯವಾಗಿ ಮಕ್ಕಳಿಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದರು. ನಾನು ಅತ್ತಿಗೆಯವರನ್ನು ಕರೆದುಕೊಂಡು ಹೋದೆ. ಜೀವಮಾನದಲ್ಲಿ ತರಗತಿಯ ಮುಂದೆ ನಿಂತವರಲ್ಲ ಅವರು. ಮೊದಲು ದನಿಯೇ ಹೊರಡಲಿಲ್ಲ. ಆಮೇಲೆ ಸೆರಗಿನ ಮರೆಯಿಂದ ಒಂದು ಹೊಸ ಸಾಬೂನಿನ ಬಿಲ್ಲೆಯನ್ನು ತೆಗೆದು ಮೇಜಿನ ಮೇಲಿಟ್ಟು, "ಒಂದು ತುಂಡು ಮಂಜುಗಡ್ಡೆ, ಒಂದು ಹಿಡಿ ಮರಳು ತನ್ನಿ ಮಕ್ಕಳೆ" ಎಂದರು.

ಓದುಗ ಮಹಾಶಯರೆ, ನಿಮ್ಮ ಸ್ನೇಹಿತರು ಎಲ್ಲಿಗಾದರೂ ಹೋಗೋಣವೆಂದು ಕರೆದರೆ, ಅದು ಅಲಾಸ್ಕವಾಗಲಿ ಆಗುಂಬೆಯ ಸೂರ್ಯಾಸ್ತವಾಗಲಿ, ಮಹಡಿಯ ಕೆಲಸವನ್ನು ಸ್ವಲ್ಪ ತಡೆಹಿಡಿಯಿರಿ. ಇಟ್ಟಿಗೆ ಕಾಯುತ್ತದೆ.